ದೆಹಲಿಯ ಚಳಿಗೆ ನಮ್ಮ ಮನೆಯ ವೈರಿಂಗ್ ಸಿದ್ಧಮಾಡಿಕೊಟ್ಟ ಮಿಸ್ತ್ರಿ

ಕಳೆದ ವರ್ಷ ಜನವರಿಯ ಒಂದು ರಾತ್ರಿ ಅಮ್ಮ ಕೋಣೆಯಿಂದಲೇ ಕೂಗಿ, "ಈ ಹೊತ್ತಿನಲ್ಲಿ ಪಕ್ಕದ ಮನೆಯವರು ಮೀನು ಕರಿಯುತ್ತಿದ್ದಾರೇನೇ?" ಎಂದು ಕೇಳಿದರು. ಗಂಟೆ ಹನ್ನೊಂದಾಗಿತ್ತು. ಹೊರಗೆ ಮಂಜು ಕವಿದು ಎದುರಿನ ಬ್ಲಾಕಿನ ದೀಪಗಳೂ ಕಾಣುತ್ತಿರಲಿಲ್ಲ, ಕಿಟಕಿಗಳೆಲ್ಲ ಮುಚ್ಚಿದ್ದವು. ವಾಸನೆ ಕೋಣೆಯೊಳಗಿನದೇ. ಮೂಸುತ್ತಾ ಹೋದರೆ ಅದು ಹೀಟರ್ ಸಿಕ್ಕಿಸಿದ್ದ ಸಾಕೆಟ್ಟಿನ ಬಳಿಗೆ ಕರೆದೊಯ್ಯಿತು. ಸ್ವಿಚ್ ಆರಿಸಿ ಪ್ಲಗ್ ಎಳೆದೆ, ಬರಲಿಲ್ಲ. ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದಾಗಿ, ಬೆಲ್ಲದ ಪಾಕದಂತೆ ಇಳಿದು ಕಚ್ಚಿಕೊಂಡಿತ್ತು. ಸ್ವಿಚ್ಚು, ಸಾಕೆಟ್ಟುಗಳಲ್ಲಿ ಬಳಸುವ ಕೆಲವು ಬಗೆಯ ಪ್ಲಾಸ್ಟಿಕ್ ಮಿತಿಮೀರಿ ಕಾದರೆ ಮೀನಿನಂಥ ವಾಸನೆ ಹೊಮ್ಮುತ್ತದೆ ಎಂದು ಆಮೇಲೆ ತಿಳಿಯಿತು. ಜೀವಮಾನದಲ್ಲಿ ಮೀನು ಮುಟ್ಟದ ಅಮ್ಮನ ಮೂಗೇ ಆ ರಾತ್ರಿ ನಮ್ಮನ್ನು ಉಳಿಸಿತು.

ಅಮ್ಮನಿಗೆ ಈಗ 79. ಸಾಗರದ ಬಳಿಯ ಹಳ್ಳಿಯಲ್ಲಿ ಅಡಿಕೆ ಸಿಪ್ಪೆ ಉರಿಸಿ ಬಚ್ಚಲ ಹಂಡೆ ಕಾಯಿಸುತ್ತಿದ್ದವರು. ಅಪ್ಪ ತೀರಿಕೊಂಡ ಮೇಲೆ ಮಯೂರ್ ವಿಹಾರದ ನಮ್ಮ ಮನೆಗೆ ಬಂದಿದ್ದಾರೆ. ಮಲೆನಾಡಿನಲ್ಲಿ ಚಳಿಯೆಂದರೆ ಒಲೆಯ ಮುಂದೆ ಕೂರುವುದು. ಇಲ್ಲಿ ಒಲೆಯೂ ಇಲ್ಲ, ಬೆಂಕಿಯೂ ಇಲ್ಲ. ಸ್ನಾನದ ನೀರು, ಕೋಣೆಯ ಬೆಚ್ಚಗೆ, ಎಲ್ಲವೂ ಗೋಡೆಯೊಳಗಿನ ತಂತಿಯ ಮೂಲಕವೇ ಬರಬೇಕು. 2021ರ ಜನವರಿ 1ರಂದು ಸಫ್ದರ್‌ಜಂಗ್‌ನ ಹವಾಮಾನ ಕೇಂದ್ರದಲ್ಲಿ ಪಾದರಸ 1.1 ಡಿಗ್ರಿಗೆ ಇಳಿದಿತ್ತು. ಅಂಥ ದಿನಗಳಲ್ಲಿ ಇಲ್ಲಿ ಕೆಲವರು ಕೋಣೆಯೊಳಗೆ ಇದ್ದಲಿನ ಅಂಗೀಠಿ (ಅಗ್ಗಿಷ್ಟಿಕೆ) ಇಟ್ಟುಕೊಂಡು ಬಾಗಿಲು ಮುಚ್ಚಿ ಮಲಗುತ್ತಾರೆ, ಇಂಗಾಲದ ಮೊನಾಕ್ಸೈಡಿಗೆ ಸಿಕ್ಕಿ ಏಳುವುದೇ ಇಲ್ಲ. ಪ್ರತಿ ಚಳಿಗಾಲದಲ್ಲೂ ಪತ್ರಿಕೆಯಲ್ಲಿ ಆ ಸುದ್ದಿ ಓದುತ್ತೇನೆ. ಹಾಗಾಗಿ ಹೀಟರ್ ಬೇಡವೆಂದು ಕೈಬಿಡುವ ಮಾತಿಲ್ಲ, ಅದು ಸುರಕ್ಷಿತವಾಗಿರಬೇಕು ಅಷ್ಟೆ.

ಆ ರಾತ್ರಿಯ ಮರುದಿನ ಮೊಬೈಲಿನಲ್ಲಿ ಕಾದಿರಿಸಿ ಒಬ್ಬ ತಂತ್ರಜ್ಞನನ್ನು ಕರೆಸಿದ್ದೆ. ಇಪ್ಪತ್ತು ನಿಮಿಷದಲ್ಲಿ ಹೊಸ ಸಾಕೆಟ್ ಕೂರಿಸಿದ. ಎಂಸಿಬಿ (ಕರೆಂಟು ಹೆಚ್ಚಾದರೆ ತಾನಾಗಿ ಕಡಿಯುವ ಸ್ವಿಚ್) ಆಗಾಗ ಬೀಳುತ್ತದೆ ಎಂದು ಹೇಳಿದ್ದಕ್ಕೆ 16 ಆಂಪಿಯರಿನದನ್ನು ಕಿತ್ತು 32ರದ್ದನ್ನು ಹಾಕಿ, "ಇನ್ನು ಬೀಳುವುದಿಲ್ಲ" ಎಂದು ಭರವಸೆ ಕೊಟ್ಟ. ನಿಜ, ಬೀಳಲಿಲ್ಲ. ಮೂರು ವಾರದಲ್ಲಿ ಹೊಸ ಸಾಕೆಟ್ಟೂ ಕಂದಾಗತೊಡಗಿತು. ಉಳಿದ ಚಳಿಯನ್ನು ಅಮ್ಮ ಎರಡು ರಜಾಯಿ ಹೊದ್ದು, ಬಿಸಿನೀರಿನ ಚೀಲ ತಬ್ಬಿಕೊಂಡು ಕಳೆದರು. ಅದನ್ನು ನೆನೆದರೆ ನನಗೆ ಈಗಲೂ ಕಸಿವಿಸಿಯಾಗುತ್ತದೆ.

ಈ ಬಾರಿ ದೀಪಾವಳಿ ಮುಗಿಯುತ್ತಿದ್ದಂತೆ ಮೇಲಿನ ಮನೆಯವರು ತಮಗೆ ಗೊತ್ತಿದ್ದ ಮಿಸ್ತ್ರಿಯ ನಂಬರ್ ಕೊಟ್ಟರು. ದೆಹಲಿಯಲ್ಲಿ ಗಾರೆಯವರಿಗೂ ಮಿಸ್ತ್ರಿ ಎನ್ನುತ್ತಾರೆ, ಕರೆಂಟಿನ ಕೆಲಸದವರಿಗೂ ಮಿಸ್ತ್ರಿ ಎನ್ನುತ್ತಾರೆ. ಇವರದು ಅಂಗಡಿಯಿಲ್ಲ, ಬೋರ್ಡಿಲ್ಲ. ಐವತ್ತು ದಾಟಿದ ಒಬ್ಬರು, ಜೊತೆಗೆ ಕೆಲಸ ಕಲಿಯುತ್ತಿರುವ ಹುಡುಗ, ಒಂದು ಸ್ಕೂಟರ್. ಹೆಸರು, ನಂಬರ್ ಎಲ್ಲೂ ಬರೆಯಬೇಡಿ, ಈಗಿರುವ ಕೆಲಸವೇ ಹೆಚ್ಚಾಗಿದೆ ಎಂದು ಅವರು ಕೇಳಿಕೊಂಡಿದ್ದರಿಂದ ಇಲ್ಲಿ ಹಾಕಿಲ್ಲ. ಆದರೆ ಅವರು ಮಾಡಿದ ಕೆಲಸವನ್ನು ವಿವರವಾಗಿ ಬರೆಯುತ್ತೇನೆ. ನಿಮ್ಮ ಊರಿನಲ್ಲಿ ಯಾರನ್ನು ಕರೆಸಿದರೂ ಇಷ್ಟು ಮಾಡಿಸಿಕೊಳ್ಳಿ ಎಂದು ಹೇಳುವುದಕ್ಕಾಗಿ.

ಬಂದವರು ಸುಟ್ಟ ಸಾಕೆಟ್ ಎಲ್ಲಿದೆ ಎಂದು ಕೇಳಲಿಲ್ಲ. ಕುರ್ಚಿ ಎಳೆದು ಕುಳಿತು, "ಜನವರಿಯಲ್ಲಿ ಬೆಳಿಗ್ಗೆ ಆರು ಗಂಟೆಗೆ ಈ ಮನೆಯಲ್ಲಿ ಏನೇನು ಒಟ್ಟಿಗೆ ಹಾಕುತ್ತೀರಿ, ಹೇಳಿ" ಎಂದರು. ನಾನು ಹೇಳುತ್ತಾ ಹೋದೆ, ಹುಡುಗ ರಟ್ಟಿನ ತುಂಡಿನ ಮೇಲೆ ಬರೆದುಕೊಂಡ. ಎರಡು ಬಚ್ಚಲಿನ ಗೀಸರ್‌ಗಳು ತಲಾ 2,000 ವ್ಯಾಟ್, ಅಮ್ಮನ ಕೋಣೆಯ ಎಣ್ಣೆ ಹೀಟರ್ 2,000, ಚಹಾದ ಕೆಟಲ್ 1,500. ಕೂಡಿದರೆ ಏಳೂವರೆ ಕಿಲೋವ್ಯಾಟ್. 230 ವೋಲ್ಟಿನ ಲೆಕ್ಕದಲ್ಲಿ 32 ಆಂಪಿಯರಿಗೂ ಹೆಚ್ಚು. ನಮ್ಮ ಮುಖ್ಯ ಎಂಸಿಬಿಯೇ 32ರದ್ದು, ಬಿಲ್ಲಿನಲ್ಲಿ ಮಂಜೂರಾದ ಲೋಡ್ 4 ಕಿಲೋವ್ಯಾಟ್. ಹದಿನಾಲ್ಕು ವರ್ಷದಿಂದ ಈ ಮನೆಯಲ್ಲಿದ್ದೇನೆ, ಈ ಕೂಡುವ ಲೆಕ್ಕವನ್ನು ಒಮ್ಮೆಯೂ ಮಾಡಿರಲಿಲ್ಲ.

ಆಮೇಲೆ ಅಳತೆ ಶುರುವಾಯಿತು. ಈ ಸೇವೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದದ್ದು ಇದೇ. ಅಮ್ಮನ ಕೋಣೆಯ ಹೀಟರನ್ನು ಪೂರ್ತಿಗೆ ಹಾಕಿ ಅರ್ಧ ಗಂಟೆ ಬಿಟ್ಟರು. ತಂತಿಯ ಸುತ್ತ ಕ್ಲ್ಯಾಂಪ್ ಮೀಟರ್ ಹಿಡಿದರೆ 8.3 ಆಂಪಿಯರ್ ತೋರಿಸಿತು. ಎಂಸಿಬಿ ಬಾಕ್ಸಿನ ಹತ್ತಿರ 229 ವೋಲ್ಟ್ ಇತ್ತು, ಅದೇ ಹೊತ್ತಿಗೆ ಹೀಟರಿನ ಸಾಕೆಟ್ಟಿನಲ್ಲಿ 219. "ನಡುವೆ ಹತ್ತು ವೋಲ್ಟ್ ಎಲ್ಲಿ ಹೋಯಿತು ಗೊತ್ತೇ?" ಎಂದು ಕೇಳಿ ಅವರೇ ಗೋಡೆ ತೋರಿಸಿದರು. ಹತ್ತು ವೋಲ್ಟನ್ನು 8.3 ಆಂಪಿಯರಿನಿಂದ ಗುಣಿಸಿದರೆ 83 ವ್ಯಾಟ್. ಅಷ್ಟು ಶಾಖ ಹೀಟರಿಗೆ ತಲುಪದೆ ಗೋಡೆಯೊಳಗೆ, ತಂತಿ ಮತ್ತು ಜೋಡಣೆಗಳಲ್ಲೇ ಉಳಿಯುತ್ತಿತ್ತು. ಬೆಸುಗೆ ಹಾಕುವ ಸಣ್ಣ ಸೋಲ್ಡರಿಂಗ್ ಐರನ್ನಿಗೆ 25 ವ್ಯಾಟ್ ಸಾಕು. ಅಂಥ ಮೂರು ಐರನ್ನುಗಳನ್ನು ಅಮ್ಮನ ಹಾಸಿಗೆಯ ಹಿಂದಿನ ಗೋಡೆಯಲ್ಲಿ ಹಚ್ಚಿಟ್ಟು ನಾವು ಮಲಗುತ್ತಿದ್ದೆವು. ಹೀಟರ್ ಆರಿಸಿ, ಪ್ಲಗ್ ಕಿತ್ತು, ಪಿನ್ನಿನ ಮೇಲೆ ಬೆರಳಿಡಲು ನನಗೆ ಹೇಳಿದರು. ಇಟ್ಟೆ, ತಕ್ಷಣ ತೆಗೆದೆ.

ಗೋಡೆಯ ಜಂಕ್ಷನ್ ಬಾಕ್ಸ್ ತೆರೆದಾಗ ಕಾರಣ ಕಂಡಿತು. ನಮ್ಮದು ದೆಹಲಿ ಅಭಿವೃದ್ಧಿ ಪ್ರಾಧಿಕಾರ (ಡಿಡಿಎ) 1980ರ ದಶಕದಲ್ಲಿ ಕಟ್ಟಿದ ಫ್ಲಾಟ್, ಮೂಲ ವೈರಿಂಗ್ ಅಲ್ಯುಮಿನಿಯಂ. ಹಿಂದೆ ಯಾರೋ ಸಾಕೆಟ್ ಮುಂದಕ್ಕೆ ತರಲು ಆ ಅಲ್ಯುಮಿನಿಯಂ ತಂತಿಗೆ ತಾಮ್ರದ ತಂತಿ ಹೆಣೆದು ಕಪ್ಪು ಟೇಪ್ ಸುತ್ತಿದ್ದರು. ಟೇಪು ಒಣಗಿ ಗಟ್ಟಿಯಾಗಿ ಹಲಸಿನ ಹಪ್ಪಳದಂತೆ ಮುರಿಯುತ್ತಿತ್ತು. ಒಳಗಿನ ಅಲ್ಯುಮಿನಿಯಂ ಮೇಲೆ ಬೂದುಬಣ್ಣದ ಪುಡಿ ಹಿಡಿದಿತ್ತು. ಹುಡುಗ ತಂತಿಯನ್ನು ಎರಡು ಸಲ ಬಾಗಿಸಿದ, ಕಡ್ಡಿಯಂತೆ ತುಂಡಾಯಿತು. ಈ ಲೋಹ ಕಾದಾಗ ತಾಮ್ರಕ್ಕಿಂತ ಹೆಚ್ಚು ಹಿಗ್ಗುತ್ತದೆ, ತಣ್ಣಗಾದಾಗ ಕುಗ್ಗುತ್ತದೆ, ಹೀಗೆ ದಿನಾ ನಡೆದು ಜೋಡಣೆ ಸಡಿಲವಾಗುತ್ತದೆ. ಗಾಳಿ ತಾಗಿದ ಮೈಯಲ್ಲಿ ಕರೆಂಟು ಸರಿಯಾಗಿ ಹರಿಯದ ಪದರ ಕಟ್ಟುತ್ತದೆ. ಸಡಿಲವಾದಷ್ಟೂ ಕಾಯುತ್ತದೆ, ಕಾದಷ್ಟೂ ಸಡಿಲವಾಗುತ್ತದೆ. ಬೇಸಿಗೆಯಲ್ಲಿ ಆ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಬಿಟ್ಟರೆ ಬೇರೇನೂ ಹಾಕುತ್ತಿರಲಿಲ್ಲವಾದ್ದರಿಂದ ದೋಷ ಗೊತ್ತಾಗಿರಲಿಲ್ಲ. ಚಳಿಗಾಲದಲ್ಲಿ ಎಂಟು ಗಂಟೆ ಬಿಡುವಿಲ್ಲದೆ ಹೀಟರ್ ಉರಿದಾಗ ಬಯಲಿಗೆ ಬಂತು.

32 ಆಂಪಿಯರಿನ ಎಂಸಿಬಿ ಕಂಡಾಗ ಮಾತ್ರ ಅವರು ಸಿಟ್ಟಾದರು. ಅಲ್ಲಿಯವರೆಗೆ ಮೆತ್ತಗೆ ಮಾತಾಡುತ್ತಿದ್ದ ಮನುಷ್ಯ, "ಇದನ್ನು ಹಾಕಿದವನು ಈ ಕೋಣೆಯಲ್ಲಿ ಮಲಗುವವನಲ್ಲ" ಎಂದರು. ಎಂಸಿಬಿ ಇರುವುದು ಹೀಟರನ್ನು ಕಾಯುವುದಕ್ಕಲ್ಲ, ತಂತಿಯನ್ನು ಕಾಯುವುದಕ್ಕೆ. ತಂತಿ ತಾಳಲಾರದಷ್ಟು ಕರೆಂಟು ಹರಿದಾಗ ಅದು ಬೀಳಲೇಬೇಕು. ಬೀಳುತ್ತದೆಂದು ದೊಡ್ಡದನ್ನು ಹಾಕಿದರೆ ತಂತಿಯೇ ಸುಡುತ್ತದೆ. ಓದುವವರಲ್ಲಿ ಯಾರ ಮನೆಯಲ್ಲಾದರೂ ಹೀಗೆ ಬದಲಿಸಿದ್ದರೆ ದಯವಿಟ್ಟು ಇವತ್ತೇ ನೋಡಿ.

ಎರಡನೆಯ ಬಚ್ಚಲಿನಲ್ಲಿ ಇದಕ್ಕಿಂತ ಭಯಂಕರವಾದದ್ದು ಸಿಕ್ಕಿತು. ಗೀಸರಿನ ಸಾಕೆಟ್ ಬಿಚ್ಚಿದರೆ ಅರ್ಥಿನ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ) ತಂತಿಯೇ ಬಂದಿರಲಿಲ್ಲ. ಅದರ ಬದಲು ಸಾಕೆಟ್ಟಿನೊಳಗೇ ಒಂದಿಂಚು ತಂತಿಯಿಂದ ಅರ್ಥನ್ನು ಕರೆಂಟು ಮರಳುವ ನ್ಯೂಟ್ರಲ್‌ಗೆ ಜೋಡಿಸಿ ಮುಚ್ಚಿದ್ದರು. ಟೆಸ್ಟರ್ ಹಿಡಿದರೆ ಎಲ್ಲ ಸರಿಯಾಗಿರುವಂತೆಯೇ ಕಾಣುತ್ತದೆ. ಆದರೆ ಎಲ್ಲಾದರೂ ನ್ಯೂಟ್ರಲ್ ಕಡಿದುಹೋದರೆ ಗೀಸರಿನ ಮೈ, ನಲ್ಲಿ, ಬೀಳುವ ನೀರು, ಎಲ್ಲದಕ್ಕೂ ಕರೆಂಟು ಬರುತ್ತದೆ. ಅಲ್ಲಿ ನನ್ನ ಮಗಳು ಏಳು ವರ್ಷದಿಂದ ಸ್ನಾನ ಮಾಡುತ್ತಿದ್ದಾಳೆ. ಆ ಒಂದಿಂಚು ತಂತಿಯನ್ನು ನಾನು ಎಸೆದಿಲ್ಲ, ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೇನೆ.

ಮನೆಯ ಅರ್ಥಿಂಗ್ ಪರೀಕ್ಷೆಯನ್ನು ಹಳೆಯ ಕಾಲದ ಬಲ್ಬಿನಿಂದ ಮಾಡಿದರು. ಕರೆಂಟು ಬರುವ ಫೇಸ್ ತಂತಿ ಮತ್ತು ಅರ್ಥಿನ ನಡುವೆ 200 ವ್ಯಾಟಿನ ಬಲ್ಬ್ ಹಿಡಿದಾಗ ಅದು ಕೆಂಡದಂತೆ ಮಂಕಾಗಿ ಹೊಳೆಯಿತು. ಅರ್ಥ್ ಚೆನ್ನಾಗಿದ್ದರೆ ಪೂರ್ತಿ ಉರಿಯಬೇಕು. (ಇದನ್ನು ನಾವು ನೀವು ಮಾಡುವ ಸಾಹಸ ಬೇಡ.) ನಮ್ಮದು ನೆಲಮಹಡಿ, ಅರ್ಥ್ ಗುಂಡಿ ಹಿತ್ತಲಿನ ತುಳಸಿ ಕುಂಡದ ಪಕ್ಕದಲ್ಲೇ ಇದೆ. ಮಳೆಗಾಲ ಮುಗಿದ ಮೇಲೆ ಇಲ್ಲಿನ ಮಣ್ಣು ಒಣಗಿ ಬಿರಿಯುತ್ತದೆ, ಒಣ ಮಣ್ಣು ಕರೆಂಟನ್ನು ಸರಿಯಾಗಿ ಎಳೆದುಕೊಳ್ಳುವುದಿಲ್ಲ. ಎರಡು ಬಕೆಟ್ ನೀರು ಸುರಿದು, ತುಕ್ಕು ಹಿಡಿದ ಕ್ಲ್ಯಾಂಪ್ ತೆಗೆದು, ಪೈಪನ್ನು ಉಜ್ಜಿ ಹೊಸ ಕ್ಲ್ಯಾಂಪ್ ಬಿಗಿದರು. ಬಲ್ಬ್ ಈಗ ಕಣ್ಣು ಕುಕ್ಕುವಂತೆ ಉರಿಯಿತು. ಜಗಲಿಯಲ್ಲಿ ಬಿಸಿಲು ಕಾಯಿಸುತ್ತಾ ಇದನ್ನೆಲ್ಲ ನೋಡುತ್ತಿದ್ದ ಅಮ್ಮ ಅಂದಿನಿಂದ ತುಳಸಿಗೆ ನೀರು ಹಾಕುವಾಗ ಆ ಗುಂಡಿಗೂ ಒಂದು ಚೊಂಬು ಹಾಕುತ್ತಾರೆ.

ಪರೀಕ್ಷೆಗೆ ಹಿಡಿದದ್ದು ಮೂರು ಗಂಟೆ, ಶುಲ್ಕ 800 ರೂಪಾಯಿ. ಕೆಲಸ ಕೊಟ್ಟರೆ ಅದನ್ನು ಮಜೂರಿಯಲ್ಲಿ ಕಳೆಯುತ್ತಾರೆ. ಮನೆಯಿಡೀ ಹೊಸ ವೈರಿಂಗ್ ಮಾಡಿಸಿ ಎಂದು ಅವರು ಹೇಳಬಹುದಿತ್ತು, ನಾನು ಹೆದರಿದ್ದ ಆ ಹೊತ್ತಿನಲ್ಲಿ ಒಪ್ಪಿಯೂ ಬಿಡುತ್ತಿದ್ದೆ. ಅವರು ಹೇಳಿದ್ದು ಬೇರೆ. ಫ್ಯಾನು, ದೀಪಗಳ ಸಾಲಿನಲ್ಲಿ ಹರಿಯುವ ಕರೆಂಟು ಅಲ್ಪ, ಅದರ ಜೋಡಣೆಗಳನ್ನು ಬಿಗಿದರೆ ಸದ್ಯಕ್ಕೆ ಸಾಕು. ಎರಡು ಗೀಸರ್ ಮತ್ತು ಅಮ್ಮನ ಹೀಟರಿಗೆ ಮಾತ್ರ ಬಾಕ್ಸಿನಿಂದ ನೇರವಾಗಿ, ನಡುವೆ ಎಲ್ಲೂ ಜೋಡಣೆಯಿಲ್ಲದ ಮೂರು ಹೊಸ ತಾಮ್ರದ ಸಾಲು ಎಳೆಯೋಣ, ಒಂದೊಂದಕ್ಕೂ ಪ್ರತ್ಯೇಕ 16 ಆಂಪಿಯರ್ ಎಂಸಿಬಿ, ಎಲ್ಲದರ ಹಿಂದೆ ಕರೆಂಟು ಸೋರಿದರೆ ಕಡಿಯುವ ಒಂದು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ತಂತಿ 4 ಚದರ ಮಿಲಿಮೀಟರಿನದು.

ಸಾಮಾನನ್ನು ನೀವೇ ತನ್ನಿ, ನನ್ನ ಕಮಿಷನ್ ಬೇಡ ಎಂದು ಚೀಟಿ ಬರೆದುಕೊಟ್ಟರು. ಶನಿವಾರ ಮೆಟ್ರೋ ಹತ್ತಿ, ಮಂಡಿ ಹೌಸ್‌ನಲ್ಲಿ ಬದಲಿಸಿ, ಲಾಲ್ ಕಿಲಾ ನಿಲ್ದಾಣದಲ್ಲಿ ಇಳಿದು ಭಾಗೀರಥ ಪ್ಯಾಲೆಸ್‌ಗೆ ಹೋದೆ. ಚಾಂದನಿ ಚೌಕದ ಈ ವಿದ್ಯುತ್ ಸಾಮಾನಿನ ಪೇಟೆಯಲ್ಲಿ 2022ರ ನವೆಂಬರಿನಲ್ಲಿ ದೊಡ್ಡ ಬೆಂಕಿ ಬಿದ್ದು ದಿನಗಟ್ಟಲೆ ಉರಿದಿತ್ತು. ತಲೆಯ ಮೇಲೆ ತೂಗುವ ತಂತಿಗಳ ಗೋಜಲನ್ನು ನೋಡುತ್ತಾ ಆ ಗಲ್ಲಿಗಳಲ್ಲಿ ನಡೆಯುವಾಗ ಅದು ನೆನಪಾಗದೆ ಇರದು. ಮಿಸ್ತ್ರಿ ಹೇಳಿಕೊಟ್ಟಂತೆ ತಂತಿಯ ಮೇಲೆ ಐಎಸ್‌ಐ ಗುರುತಿನ ಜೊತೆ ಐಎಸ್ 694 ಎಂದು ಮುದ್ರಿಸಿರುವುದನ್ನೂ, ಸಾಕೆಟ್ಟಿನ ಹಿಂದೆ ಐಎಸ್ 1293 ಎಂದಿರುವುದನ್ನೂ ನೋಡಿಯೇ ಕೊಂಡೆ. ಎಲ್ಲ ಸೇರಿ 9,400 ರೂಪಾಯಿ ಆಯಿತು.

ಕೆಲಸ ಎರಡು ದಿನ ನಡೆಯಿತು. ಮೊದಲ ದಿನ ಸಂಜೆ ಆರ್‌ಸಿಸಿಬಿ ಕೂರಿಸಿ ಮೇಲೆತ್ತಿದರೆ ಟಪ್ಪೆಂದು ಬಿತ್ತು. ನನಗೆ ಎದೆ ಧಸಕ್ಕೆಂದಿತು, ಅವರಿಗೆ ಖುಷಿಯಾಯಿತು. "ನೋಡಿ, ಮಾತಾಡಲು ಶುರುಮಾಡಿತು" ಎಂದರು. ಹೋಗುವ ಕರೆಂಟಿಗೂ ಮರಳುವ ಕರೆಂಟಿಗೂ ವ್ಯತ್ಯಾಸ ಬಂದರೆ, ಅಂದರೆ ಎಲ್ಲೋ ಮೈಗೋ ಗೋಡೆಗೋ ಸೋರುತ್ತಿದ್ದರೆ, ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಹಾಕುತ್ತದೆ. ಎಂಸಿಬಿಗೆ ಈ ಸೋರಿಕೆ ಕಾಣುವುದೇ ಇಲ್ಲ. ಎಲ್ಲ ಎಂಸಿಬಿಗಳನ್ನು ಇಳಿಸಿ ಒಂದೊಂದನ್ನೇ ಏರಿಸುತ್ತಾ ಬಂದಾಗ ನಮ್ಮ ಬಚ್ಚಲಿನ ಗೀಸರಿನಲ್ಲಿ ಕಳ್ಳ ಸಿಕ್ಕಿದ. ಸೋರಿಕೆಗೆ ಎಷ್ಟು ತಡೆಯಿದೆ ಎಂದು ಅಳೆಯುವ ಮೆಗ್ಗರ್ ಹಚ್ಚಿದರೆ ಮುಳ್ಳು ಸೊನ್ನೆಯ ಹತ್ತಿರ ಕುಳಿತಿತು. ನೀರು ಕಾಯಿಸುವ ಅದರ ಕಾಯಿಲ್ ಹೊರತೆಗೆದಾಗ ಸುಣ್ಣದ ಪದರ ಹಿಡಿದು ಮಣಿಕಟ್ಟಿನಷ್ಟು ದಪ್ಪವಾಗಿತ್ತು, ಟ್ಯಾಂಕಿನಿಂದ ಅರ್ಧ ಬಕೆಟ್ ಬಿಳಿ ಚೂರುಗಳು ಬಂದವು. ಇಲ್ಲಿಯ ಗಡಸು ನೀರಿನ ಫಲ. ಹೊಸ ಕಾಯಿಲ್ ಜೊತೆಗೆ ಟ್ಯಾಂಕ್ ತುಕ್ಕು ಹಿಡಿಯದಂತೆ ತಾನು ಕರಗುವ ಮೆಗ್ನೀಸಿಯಂ ಸರಳನ್ನೂ ಬದಲಿಸಿದರು. ಹಳೆಯದರಲ್ಲಿ ನಡುವಿನ ತಂತಿ ಮಾತ್ರ ಉಳಿದಿತ್ತು. ಇದಕ್ಕೆ ಬೇರೆಯಾಗಿ 1,350 ರೂಪಾಯಿ.

ಬೆಳಗಿನ ಏಳೂವರೆ ಕಿಲೋವ್ಯಾಟಿನ ಸಮಸ್ಯೆಗೆ ಅವರು ಕೊಟ್ಟ ಪರಿಹಾರ ಖರ್ಚಿಲ್ಲದ್ದು. 15 ಲೀಟರಿನ ಗೀಸರಿನಲ್ಲಿ 12 ಡಿಗ್ರಿಯ ನೀರು 55ಕ್ಕೆ ಏರಲು 2 ಕಿಲೋವ್ಯಾಟಿಗೆ ಸುಮಾರು ಇಪ್ಪತ್ತೆರಡು ನಿಮಿಷ ಬೇಕು. ಬೇಸಿಗೆಯಲ್ಲಿ ಅದೇ ನೀರು 35ರಿಂದ ಹೊರಡುವುದರಿಂದ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಕಾದ ನೀರು ಗಂಟೆಗಟ್ಟಲೆ ಬಿಸಿಯಾಗಿಯೇ ಇರುತ್ತದೆ. ಹಾಗಾಗಿ ಐದಕ್ಕೆ ಒಂದು ಗೀಸರ್, ಅದನ್ನು ಆರಿಸಿ ಐದೂವರೆಗೆ ಇನ್ನೊಂದು. ಹೀಟರ್ ಹೇಗೂ ಇರುತ್ತದೆ, ಕೆಟಲ್ ಆರಕ್ಕೆ. ಒಟ್ಟು ನಾಲ್ಕು ಕಿಲೋವ್ಯಾಟಿನೊಳಗೇ ಮುಗಿಯುತ್ತದೆ. ಎರಡು ತಿಂಗಳಿಂದ ಹೀಗೆಯೇ ನಡೆಸಿದ್ದೇವೆ, ಯಾರಿಗೂ ತಣ್ಣೀರು ಬಿದ್ದಿಲ್ಲ.

ದೂರುಗಳೂ ಇವೆ. ಮೂರು ದಿನ ತಡವಾಗಿ ಬಂದರು, ಫೋನ್ ಮಾಡಿ ತಿಳಿಸಲಿಲ್ಲ. ಗೋಡೆ ಕೊರೆಯುವಾಗ ಪೀಠೋಪಕರಣಕ್ಕೆ ಬಟ್ಟೆ ಹೊದಿಸಿ ಎಂದು ಮೊದಲೇ ಹೇಳಿದ್ದರೆ ಒಂದಿಡೀ ಭಾನುವಾರ ಧೂಳು ಒರೆಸುವುದು ತಪ್ಪುತ್ತಿತ್ತು. ಬಚ್ಚಲಿನ ಒಂದು ಟೈಲ್ಸ್ ಮೂಲೆ ಹುಡುಗನ ಕೈಯಲ್ಲಿ ಚಕ್ಕೆಯೆದ್ದಿದೆ. ತುಂಬಿದ ಗಾರೆಗೆ ಬಣ್ಣ ಹಚ್ಚುವುದು ನಮ್ಮ ಪಾಲಿಗೇ ಉಳಿಯಿತು. ಬಿಲ್ ಎರಡು ಸಲ ಕೇಳಿದ ಮೇಲೆ ಕಾಗದದ ಮೇಲೆ ಬರೆದುಕೊಟ್ಟರು. ಎಂಸಿಬಿಗಳ ಮೇಲೆ ಯಾವುದು ಯಾವ ಕೋಣೆಯದೆಂದು ಬರೆದಿರಲಿಲ್ಲ. ಅದನ್ನು ನಾನೇ ಮಾಡಿದೆ, ಅಮ್ಮನಿಗೆ ಓದಲು ಬರುವಂತೆ ಕನ್ನಡದಲ್ಲಿ: ದೊಡ್ಡ ಬಚ್ಚಲು, ಸಣ್ಣ ಬಚ್ಚಲು, ಅಮ್ಮನ ಹೀಟರ್, ಅಡುಗೆಮನೆ, ದೀಪ.

ಹಣದ ಲೆಕ್ಕ ಇಷ್ಟು: ಸಾಮಾನು 9,400, ಗೀಸರ್ 1,350, ಮಜೂರಿ 6,500, ಒಟ್ಟು 17,250 ರೂಪಾಯಿ. ಒಂದು ಒಳ್ಳೆಯ ಎಣ್ಣೆ ಹೀಟರಿಗಿಂತ ಹೆಚ್ಚೇ. ಆದರೂ ನನ್ನನ್ನು ಕೇಳಿದರೆ ಮೊದಲು ಇದಕ್ಕೆ ಖರ್ಚು ಮಾಡಿ, ಹೀಟರ್ ಆಮೇಲೆ ತನ್ನಿ ಎನ್ನುತ್ತೇನೆ. ಬೆಂಗಳೂರಿನಲ್ಲಿರುವ ತಂಗಿ ಫೋನಿನಲ್ಲಿ ಇದನ್ನೆಲ್ಲ ಕೇಳಿ, "ನಮಗೆ ಅಂಥ ಚಳಿಯಿಲ್ಲವಲ್ಲ ಅಕ್ಕಾ" ಎಂದಳು. ಅವಳ ಬಚ್ಚಲಿನಲ್ಲಿ 3,000 ವ್ಯಾಟಿನ ಇನ್‌ಸ್ಟಂಟ್ ಗೀಸರ್ ಇದೆ, ಅದು ಎಳೆಯುವುದು 13 ಆಂಪಿಯರ್, ನಮ್ಮ ಹೀಟರಿಗಿಂತ ಒಂದೂವರೆ ಪಟ್ಟು. ಅದನ್ನು ಅವಳು ದಪ್ಪ ಪ್ಲಗ್ಗನ್ನು ಸಣ್ಣ ಸಾಕೆಟ್ಟಿಗೆ ಹೊಂದಿಸುವ ಕನ್ವರ್ಟರ್ ಇಟ್ಟು ಬಳಸುತ್ತಿದ್ದಳು! ಆ ಸಣ್ಣ ಸಾಕೆಟ್ ಇರುವುದೇ 6 ಆಂಪಿಯರಿಗೆ. ಅದನ್ನು ತೆಗೆಸಿಯೇ ನಾನು ಫೋನ್ ಇಟ್ಟೆ.

ಇನ್ನೊಂದು ಮಾತು. ಹೊರಡುವ ಹೊತ್ತಿಗೆ ಎದುರು ಮನೆಯವರು ಕೆಟ್ಟ ಇಮ್ಮರ್ಷನ್ ರಾಡ್ ಹಿಡಿದು ರಿಪೇರಿಗೆ ಬಂದರು. ಮಿಸ್ತ್ರಿ ಮುಟ್ಟಲೂ ಇಲ್ಲ. "ರಾಡ್ ರಿಪೇರಿ ಮಾಡುವ ವಸ್ತುವಲ್ಲ. ಹೊಸದನ್ನು ಐಎಸ್‌ಐ ಗುರುತು ನೋಡಿ ತನ್ನಿ. ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರು ಬಿಸಿಯಾಗಿದೆಯೇ ಎಂದು ಕೈಯಿಟ್ಟು ನೋಡಿ" ಎಂದು ಬರಿಗೈಯಲ್ಲಿ ಕಳಿಸಿದರು. ಇನ್ನೂರು ರೂಪಾಯಿ ಸುಲಭವಾಗಿ ದುಡಿಯಬಹುದಾಗಿದ್ದ ಕೆಲಸ ಅದು. ಅಮ್ಮನಿಗೆ ಹಿಂದಿ ಬಾರದಿದ್ದರೂ ವಿಷಯ ತಿಳಿಯಿತು. "ಆ ಮಾಣಿಗೂ ಅವರಿಗೂ ಇನ್ನೊಂದು ಲೋಟ ಕಾಫಿ ಕೊಡು" ಎಂದರು.

ಇದನ್ನು ಬರೆಯುತ್ತಿರುವುದು ಜನವರಿಯ ನಡುವಿನಲ್ಲಿ. ನಿನ್ನೆ ರಾತ್ರಿ ಹೊರಗೆ 4 ಡಿಗ್ರಿ. ಹೀಟರ್ ಆರು ಗಂಟೆ ಉರಿದ ಮೇಲೆ ಆರಿಸಿ ಪ್ಲಗ್ ಮುಟ್ಟಿ ನೋಡಿದೆ, ಉಗುರುಬೆಚ್ಚಗೂ ಇರಲಿಲ್ಲ. ಬಾಕ್ಸಿನಿಂದ ಸಾಕೆಟ್ಟಿಗೆ ಈಗ ಇಳಿಯುವುದು ಎರಡು ವೋಲ್ಟಿಗೂ ಕಡಿಮೆ. ತಿಂಗಳ ಒಂದನೇ ತಾರೀಖು ಆರ್‌ಸಿಸಿಬಿಯ ಮೇಲಿನ 'ಟಿ' ಗುಂಡಿ ಒತ್ತಿ ಅದು ಬೀಳುತ್ತದೆಯೇ ಎಂದು ನೋಡುವುದು ಮಗಳ ಕೆಲಸ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಹೇಳದೆ ತಡಮಾಡಿದ್ದಕ್ಕೆ ಮತ್ತು ಧೂಳಿಗೆ. ಹಳೆಯ ಅರ್ಥ್ ಪೈಪು ಬಹಳ ವರ್ಷ ಬಾಳುವುದಿಲ್ಲ, ಹೊಸ ಗುಂಡಿ ತೋಡಿಸಬೇಕು ಎಂದಿದ್ದಾರೆ. ಡಿಸೆಂಬರ್ ಬಂತೆಂದರೆ ಅವರು ಯಾರಿಗೂ ಸಿಗುವುದಿಲ್ಲ. ಮಾರ್ಚ್ ಮೊದಲ ವಾರಕ್ಕೆ ಈಗಲೇ ಹೇಳಿಟ್ಟಿದ್ದೇನೆ.